ನೀಲಿ ದ್ರಾಕ್ಷಿಯ ವಾಸನೆ ಹಿಡಿದು

ಆಷಾಢದ ಗಾಳಿ, ಸಣ್ಣ ತುಂತುರು. ಬೆಂಗಳೂರಿನ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದು ಸೇಂಟ್ ಮೇರೀಸ್ ಬೆಸಿಲಿಕಾದ ಗೋಪುರ ನೋಡಿಕೊಂಡು ನಡೆದರೆ ರಸೆಲ್ ಮಾರ್ಕೆಟ್. ಜೊತೆಯಲ್ಲಿ ಅಕ್ಕನ ಮಗಳು. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು, ರಜೆಗೆ ಬಂದಿದ್ದಾಳೆ. "ಚಿಕ್ಕಮ್ಮಾ, ಇವತ್ತು ನಾನು ಅಡುಗೆ ಮಾಡ್ತೀನಿ, ನಮ್ಮ ಕಡೆಯದು" ಎಂದಿದ್ದಳು. ಅದಕ್ಕೆ ಬೇಕಾದ ಸಾಮಾನು ಇಂದಿರಾನಗರದ ನೂರಡಿ ರಸ್ತೆಯಲ್ಲಿ ಮಾತ್ರ ಸಿಕ್ಕೀತು ಎಂಬುದು ಅವಳ ಲೆಕ್ಕ. ನಾನು ಕರೆತಂದದ್ದು ಇಲ್ಲಿಗೆ.

ಅಮೆರಿಕದ ಊಟ ಎಂದರೆ ನನ್ನ ವಯಸ್ಸಿನವರಿಗೆ 1995 ನೆನಪಾಗುತ್ತದೆ. ಕೆಎಫ್‌ಸಿ ಭಾರತದ ತನ್ನ ಮೊದಲ ಅಂಗಡಿಯನ್ನು ಬ್ರಿಗೇಡ್ ರಸ್ತೆಯಲ್ಲಿ ತೆರೆದ ವರ್ಷ ಅದು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ಬೀದಿಗಿಳಿಯಿತು. ಅಂಗಡಿಗೆ ನುಗ್ಗಿ ಒಡೆದದ್ದನ್ನು ನಾನು ಒಪ್ಪಲಾರೆ. ಆದರೆ ನಮ್ಮ ತಟ್ಟೆಯನ್ನು ಕಂಪನಿ ಆಳಬಾರದು ಎಂಬ ಅವರ ಮಾತು ಇಂದಿಗೂ ನನಗೆ ಸರಿಯೆನಿಸುತ್ತದೆ. ಆ ಗದ್ದಲದಲ್ಲಿ ಮರೆತುಹೋದದ್ದು ಇನ್ನೊಂದು ಅಮೆರಿಕ: ಹದಿನಾರನೆಯ ಶತಮಾನದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದು, ನಮ್ಮ ರೈತರ ಕೈಯಲ್ಲೇ ಬೆಳೆದು, ನಮ್ಮದೇ ಆಗಿಹೋದದ್ದು. ಅದನ್ನು ನೋಡಲು ಈ ತರಕಾರಿ ಸಾಲಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ದಂಡಿನ (ಕಂಟೋನ್ಮೆಂಟಿನ) ಜನಕ್ಕಾಗಿ 1927ರಲ್ಲಿ ಕಟ್ಟಿ, 1933ರಲ್ಲಿ ತೆರೆದ ಮಾರುಕಟ್ಟೆ ಇದು. ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರ ಹೆಸರು ಇದಕ್ಕೆ. 2012ರ ಬೆಂಕಿಯಲ್ಲಿ ಎಷ್ಟೋ ಮಳಿಗೆಗಳು ಸುಟ್ಟವು. ವ್ಯಾಪಾರಿಗಳು ಮತ್ತೆ ಬಂದು ಅಲ್ಲೇ ಕೂತರು. ಒಳಗೆ ದಖನಿ, ತಮಿಳು, ಕನ್ನಡ ಒಂದೇ ಉಸಿರಿನಲ್ಲಿ. ಹೂವಿನ ಸಾಲು ದಾಟಿದರೆ ಗುಡ್ಡೆಗುಡ್ಡೆ ಟೊಮೇಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ, ಹುರುಳಿಕಾಯಿ, ಸಿಹಿಕುಂಬಳ, ಮುಸುಕಿನ ಜೋಳ. ಒಂದೊಂದನ್ನೂ ತೋರಿಸಿ "ಇದು ನಿಮ್ಮ ಕಡೆಯದು, ಇದೂ ನಿಮ್ಮ ಕಡೆಯದು" ಎನ್ನುತ್ತ ಹೋದೆ. ಅವಳು ನಂಬಲಿಲ್ಲ. "ಹಾಗಾದ್ರೆ ಅಜ್ಜಿಯ ಅಜ್ಜಿಯರು ಸಾರಿಗೆ ಏನು ಹಾಕ್ತಿದ್ರು?" ಕರಿಮೆಣಸು ಕಣೇ. ಹೊಸದಾಗಿ ಬಂದ ಖಾರಕ್ಕೂ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು.

ಅವಳು ನಿಂತದ್ದು ಸೀಮೆಬದನೆಯ ರಾಶಿಯ ಮುಂದೆ. "ಮಿರ್ಲಿಟನ್!" ನ್ಯೂ ಆರ್ಲಿಯನ್ಸ್‌ನವರು ಇದಕ್ಕೆ ಇಟ್ಟ ಹೆಸರಂತೆ, ಅವಳ ಗೆಳತಿಯ ಊರು ಅದು. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇದನ್ನು ಬೇಯಿಸಿ, ತಿರುಳು ತೋಡಿ, ಸೀಗಡಿ, ಈರುಳ್ಳಿ, ಬ್ರೆಡ್ ಪುಡಿ ಬೆರೆಸಿ ಮತ್ತೆ ತುಂಬಿ ಓವನ್ನಿನಲ್ಲಿಡುತ್ತಾರೆ. ಮೂಲ ಮೆಕ್ಸಿಕೊ ಕಡೆಯದು. ನಾವು ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ಪರದೇಶದ್ದೆಂದು ಸೀಮೆಬದನೆ ಎಂದೆವು. ತಮಿಳರು ಬೆಂಗಳೂರ್ ಕತ್ತರಿಕ್ಕಾಯ್ ಎಂದರು, ತೆಲುಗರು ಬೆಂಗಳೂರು ವಂಕಾಯ ಎಂದರು. ನಾವು ಹೊರಗಿನದೆಂದದ್ದನ್ನು ನೆರೆಯವರು ನಮ್ಮದೆಂದು ಒಪ್ಪಿಕೊಂಡರು!

ಆರಿಸುವಾಗ ತಿಳಿಹಸಿರು ಬಣ್ಣ ನೋಡಬೇಕು, ಕೆಳಗಿನ ಬಾಯಿ ಬಿಗಿಯಾಗಿರಬೇಕು. ಮೊಳಕೆ ಹೊರಬಿದ್ದದ್ದೊಂದನ್ನು ಅಂಗಡಿಯ ತಾತ ಬೇರೆಯೇ ಇಟ್ಟಿದ್ದರು. "ಇದಕ್ಕೆ ಕಾಸು ಬೇಡಮ್ಮ, ನೆಡು" ಎಂದು ಚೀಲಕ್ಕೆ ಹಾಕಿದರು.

ಹಣ್ಣಿನ ಸಾಲಿಗೆ ಮೂಗೇ ದಾರಿ ತೋರಿತು. ನೀಲಿ ದ್ರಾಕ್ಷಿ. ಮೇಲೆ ಬೂದಿ ಸವರಿದಂತೆ ಮಂಜು, ಒಳಗೆ ಗೋಲಿಯಂಥ ತಿರುಳು. ಒತ್ತಿದರೆ ಸಿಪ್ಪೆ ಬಿಟ್ಟು ಚಿಮ್ಮಿ ಬಾಯಿಗೆ ಬೀಳುತ್ತದೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದಳು. ಆಮೇಲೆ, "ಚಿಕ್ಕಮ್ಮಾ, ಇದು ನನ್ನ ಸ್ಕೂಲ್ ಡಬ್ಬಿ" ಎಂದಳು.

ಅವಳ ನಾಲಗೆ ಸುಳ್ಳು ಹೇಳಲಿಲ್ಲ. 2013ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ನಮ್ಮ ಬ್ಯಾಂಗಳೂರ್ ಬ್ಲೂ, ಅಮೆರಿಕದ ಇಸಬೆಲ್ಲಾ ತಳಿಯೇ. ಅಲ್ಲಿನ ಕಾಡುದ್ರಾಕ್ಷಿ ಲಬ್ರುಸ್ಕಾದ ರಕ್ತ ಇದರಲ್ಲಿದೆ. ಮ್ಯಾಸಚೂಸೆಟ್ಸ್‌ನ ಕಾನ್ಕಾರ್ಡ್ ಊರಿನಲ್ಲಿ ಎಫ್ರಾಯಿಮ್ ಬುಲ್ 1849ರಲ್ಲಿ ಬೆಳೆಸಿದ ಕಾನ್ಕಾರ್ಡ್ ದ್ರಾಕ್ಷಿಗೂ ಅದೇ ವಂಶ. ಅಮೆರಿಕದ ಮಕ್ಕಳ ಡಬ್ಬಿಯಲ್ಲಿ ಕಡಲೆಕಾಯಿ ಬೆಣ್ಣೆಯ ಜೊತೆ ಬ್ರೆಡ್ಡಿಗೆ ಹಚ್ಚುವ ನೇರಳೆ ಜೆಲ್ಲಿ ಕಾನ್ಕಾರ್ಡಿನದು. ಇನ್ನೂ ಒಂದು ಸಂಗತಿ ಅವಳಿಗೆ ಖುಷಿ ಕೊಟ್ಟಿತು. 1869ರಲ್ಲಿ ಅವಳದೇ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಥಾಮಸ್ ವೆಲ್ಚ್ ಎಂಬ ದಂತವೈದ್ಯ, ಚರ್ಚಿನ ಪೂಜೆಗೆ ಮದ್ಯ ಬೇಡವೆಂದು ಕಾನ್ಕಾರ್ಡಿನ ರಸವನ್ನು ಬಾಟಲಿಗೆ ತುಂಬಿ ಹುಳಿಬರದಂತೆ ಕಾಯಿಸಿದ. ಇಲ್ಲಿ ದಂಡಿನ ಕ್ರೈಸ್ತರ ಮನೆಗಳಲ್ಲಿ ಪದ್ಧತಿ ತಿರುವುಮುರುವು: ಕ್ರಿಸ್‌ಮಸ್‌ಗೆ ವಾರಗಟ್ಟಲೆ ಮೊದಲೇ ನಮ್ಮ ನೀಲಿ ದ್ರಾಕ್ಷಿಗೆ ಸಕ್ಕರೆ ಬೆರೆಸಿ, ಜಾಡಿಯಲ್ಲಿಟ್ಟು, ಬಟ್ಟೆ ಕಟ್ಟಿ, ಹುಳಿಬರಿಸಿ ವೈನ್ ಮಾಡುತ್ತಾರೆ.

ಮೀನಿನ ಸಾಲಿನಲ್ಲಿ ಸೀಗಡಿ, ಹೊರಗೆ ಬಂದು ಒಂದು ಬ್ರೆಡ್ಡು, ಕಾಲು ಕೆಜಿ ಕಡಲೆಕಾಯಿ ಬೀಜ. ಅದೂ ದಕ್ಷಿಣ ಅಮೆರಿಕದ್ದೇ ಎಂದು ಹೇಳಹೋದೆ. "ಸಾಕು ಚಿಕ್ಕಮ್ಮಾ" ಎಂದಳು. ಆಟೊ ಹಿಡಿದು ಹಲಸೂರಿನ ಮನೆಗೆ ಬಂದೆವು.

ಜೆಲ್ಲಿ ಅವಸರದ ಕೆಲಸವಲ್ಲ. ಒಂದೊಂದೇ ಹಣ್ಣನ್ನು ಹಿಸುಕಿ ಸಿಪ್ಪೆ ಒಂದು ಪಾತ್ರೆಗೆ, ತಿರುಳು ಇನ್ನೊಂದಕ್ಕೆ. ತಿರುಳನ್ನು ಕುದಿಸಿ, ಜರಡಿಯಲ್ಲಿ ತಿಕ್ಕಿ ಬೀಜ ತೆಗೆದು, ಆಮೇಲೆ ಸಿಪ್ಪೆ ಸೇರಿಸಬೇಕು. ಬಣ್ಣವೆಲ್ಲ ಸಿಪ್ಪೆಯಲ್ಲೇ ಇದೆ. ಸಕ್ಕರೆ, ನಿಂಬೆರಸ ಬಿದ್ದು ಕೊತಕೊತ ಎನ್ನತೊಡಗಿದಾಗ ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಾಡಿಸಿ ನೋಡಿದಳು, ಸುಕ್ಕುಗಟ್ಟಿತು. ಹುರಿದ ಕಡಲೆಕಾಯಿ ಬೀಜವನ್ನು ನಾನು ಎಣ್ಣೆ ಬಿಡುವವರೆಗೆ ರುಬ್ಬಿದೆ. ಸೀಮೆಬದನೆಯ ಹಾಲು ಅಂಟುತ್ತದೆಂದು ಅವಳ ಕೈಗೆ ಎಣ್ಣೆ ಸವರಿದೆ. ಅವಳು ಹೆರೆದೆಸೆದ ಸಿಪ್ಪೆಯನ್ನು ಎತ್ತಿಟ್ಟುಕೊಂಡು, ಹುರಿದು, ಕೆಂಪುಮೆಣಸಿನಕಾಯಿ, ಹುಣಸೆ, ಕಾಯಿತುರಿ ಹಾಕಿ ಚಟ್ನಿ ಮಾಡಿದೆ. ಸೀಗಡಿ ತುಂಬಿದ ಮಿರ್ಲಿಟನ್ ಜೊತೆಗೆ ಬ್ರೆಡ್ಡಿನ ಒಂದು ಹೋಳಿಗೆ ಜೆಲ್ಲಿ, ಇನ್ನೊಂದಕ್ಕೆ ಚಟ್ನಿ ಹಚ್ಚಿ ತಿಂದಳು. ಮೊದಲು ಖಾಲಿಯಾದದ್ದು ಚಟ್ನಿ.

ಸಂಜೆ ಮಳೆ ನಿಂತಿತ್ತು. ತಾತ ಕೊಟ್ಟ ಸೀಮೆಬದನೆಯನ್ನು ತಾರಸಿಯ ದೊಡ್ಡ ಕುಂಡದಲ್ಲಿ ಓರೆಯಾಗಿಟ್ಟು, ಮೊಳಕೆ ಹೊರಗಿರುವಂತೆ ಮಣ್ಣು ಮುಚ್ಚಿದೆವು. ಇದಕ್ಕೆ ಚಪ್ಪರ ಬೇಕು. ಬಟ್ಟೆ ಒಣಗಿಸುವ ಹಗ್ಗದ ಕಂಬಕ್ಕೆ ಅವಳು ಒಂದು ದಾರ ಕಟ್ಟಿದಳು.