ಅಡಮಾನವಿತ್ತು, ಹಣ ಮರಳಲಿಲ್ಲ

ಒಡವೆ ಒತ್ತೆ ಇಟ್ಟುಕೊಂಡು ಸಾಲ ಕೊಡುವವರು ಊರೂರಿನಲ್ಲೂ ಇದ್ದಾರೆ. ಸಾಲ ತೀರಿಸದಿದ್ದರೆ ಒಡವೆ ಮಾರಿ ಹಣ ಪಡೆಯುವುದು ಅವರ ಧೈರ್ಯ. ಒಡವೆಯ ಜಾಗದಲ್ಲಿ ಅರ್ಧ ಕಟ್ಟಿದ ಕಟ್ಟಡವಿದ್ದು, ಸಾಲ ಕೊಟ್ಟವರು ಒಬ್ಬರಲ್ಲ, ಸಾವಿರಾರು ಮಂದಿ ಎಂದಾದರೆ? ಇಂಗ್ಲೆಂಡಿನ ಮಧ್ಯಮ ವರ್ಗದವರು ಈ ಪ್ರಶ್ನೆಗೆ ಉತ್ತರವನ್ನು ತಮ್ಮ ಉಳಿತಾಯ ತೆತ್ತು ಕಲಿತರು. ಮಕ್ಕಳ ಓದಿಗೆಂದು ಹಣ ಕೂಡಿಡುವ ತಂದೆತಾಯಿಗಳಿಗೂ, ಬಡ್ಡಿಯ ಲೆಕ್ಕವನ್ನು ಪುಸ್ತಕದಲ್ಲಷ್ಟೇ ಮಾಡುತ್ತಿರುವ ವಿದ್ಯಾರ್ಥಿಗಳಿಗೂ ಆ ಅನುಭವದಲ್ಲಿ ಪಾಠವಿದೆ.

ಬ್ಯಾಂಕಿನ ನೆರವಿಲ್ಲದೆ ಹಣವಿದ್ದವರನ್ನೂ ಹಣ ಬೇಕಾದವರನ್ನೂ ಕಂಪ್ಯೂಟರ್ ಜಾಲದ ಮೂಲಕ ಜೋಡಿಸುವ ವ್ಯವಸ್ಥೆಗೆ ಪೀರ್-ಟು-ಪೀರ್ ಸಾಲ ಎಂದು ಹೆಸರು. 2005ರಲ್ಲಿ ಬ್ರಿಟನ್ನಿನಲ್ಲಿ ಝೋಪಾ ಎಂಬ ಕಂಪನಿ ಇದನ್ನು ಆರಂಭಿಸಿತು. 2009ರ ಮಾರ್ಚ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿದರವನ್ನು ಶೇ. 0.5ಕ್ಕೆ ಇಳಿಸಿ, ಏಳು ವರ್ಷಕ್ಕೂ ಹೆಚ್ಚು ಕಾಲ ಮೇಲೇರಿಸದೆ ಉಳಿಸಿತು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿ ಎಂಬುದೇ ಇಲ್ಲದಂತಾಯಿತು. ಅದೇ ಹೊತ್ತಿಗೆ, ಬ್ಯಾಂಕುಗಳು ಸಾಲ ಕೊಡಲು ಹಿಂಜರಿದ ಬಿಲ್ಡರುಗಳು ಹೆಚ್ಚಿನ ಬಡ್ಡಿಗೆ ಹಣ ಹುಡುಕುತ್ತಿದ್ದರು. ಇವರಿಬ್ಬರ ನಡುವೆ ಬಂದು ನಿಂತವು ಆಸ್ತಿ ಸಾಲದ ವೇದಿಕೆಗಳು. ಆಸ್ತಿಯ ಅಡಮಾನವಿದೆ, ವರ್ಷಕ್ಕೆ ಶೇ. 12ರವರೆಗೂ ಬಡ್ಡಿ ಎಂಬ ಮಾತು ಬಹಳ ಜನರನ್ನು ಸೆಳೆಯಿತು.

<b>ಲೆಂಡಿಯ ಏಳುಬೀಳು</b>

ಇಂಥ ವೇದಿಕೆಗಳಲ್ಲಿ ದೊಡ್ಡ ಹೆಸರು ಮಾಡಿದ್ದು ಲೆಂಡಿ. ದೋಣಿಗಳನ್ನು ಒತ್ತೆ ಇಟ್ಟುಕೊಂಡು ಸಾಲ ಕೊಡುವುದರಿಂದ ಆರಂಭವಾದ ಈ ಕಂಪನಿ ಬಹುಬೇಗ ಕಟ್ಟಡ, ನಿವೇಶನಗಳ ಸಾಲಕ್ಕೆ ಕೈಹಾಕಿತು. ಹೆಸರಾಂತ ಕೌಸ್ ವೀಕ್ ದೋಣಿ ಸ್ಪರ್ಧೆಗೆ 2017 ಮತ್ತು 2018ರಲ್ಲಿ ಪ್ರಾಯೋಜಕನಾಯಿತು. 2018ರ ಜುಲೈನಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಎಫ್‌ಸಿಎ ಅದಕ್ಕೆ ಪೂರ್ಣ ಪರವಾನಗಿಯನ್ನೂ ಕೊಟ್ಟಿತು. ಹತ್ತೇ ತಿಂಗಳಲ್ಲಿ, 2019ರ ಮೇ 24ರಂದು, ಲೆಂಡಿ ಕುಸಿದು ಆಡಳಿತಾಧಿಕಾರಿಗಳ ಕೈ ಸೇರಿತು. ಆಗ ಬಾಕಿಯಿದ್ದ ಸಾಲ 16 ಕೋಟಿ ಪೌಂಡಿಗೂ ಹೆಚ್ಚು. ಅದರಲ್ಲಿ 9 ಕೋಟಿಗೂ ಮಿಕ್ಕ ಹಣ ಗಡುವಿಗೆ ಮರಳದ ಸಾಲವಾಗಿತ್ತು.

ಲೆಂಡಿ ಒಂಟಿಯಲ್ಲ. 2018ರ ಫೆಬ್ರವರಿಯಲ್ಲಿ ಕೊಲ್ಯಾಟರಲ್ ಎಂಬ ಕಂಪನಿ ಬಾಗಿಲು ಹಾಕಿತ್ತು. ಅದಕ್ಕೆ ಬೇಕಾದ ಅನುಮತಿಯೇ ಇರಲಿಲ್ಲ ಎಂಬುದು ಬಯಲಾಯಿತು. 2019ರ ಅಕ್ಟೋಬರ್‌ನಲ್ಲಿ ಫಂಡಿಂಗ್ ಸೆಕ್ಯೂರ್ ಕೂಡ ಅದೇ ಹಾದಿ ಹಿಡಿಯಿತು.

ಹಣ ತೊಡಗಿಸಿದವರಿಗೆ ಆಮೇಲೆ ಒಂದೊಂದೇ ಸಂಗತಿ ತಿಳಿಯುತ್ತ ಹೋಯಿತು. ಬ್ಯಾಂಕು ಮುಳುಗಿದರೆ ಆಗ ಒಬ್ಬರಿಗೆ 85,000 ಪೌಂಡುಗಳವರೆಗೆ ಪರಿಹಾರ ಸಿಗುತ್ತಿತ್ತು; ಈ ಸಾಲಗಳಿಗೆ ಅಂಥ ರಕ್ಷಣೆ ಇರಲಿಲ್ಲ. ಬೇಕೆಂದಾಗ ತಮ್ಮ ಪಾಲನ್ನು ಮತ್ತೊಬ್ಬ ಸದಸ್ಯನಿಗೆ ಮಾರಬಹುದು ಎಂಬ ಅನುಕೂಲ, ಕೊಳ್ಳುವವರು ಇರುವವರೆಗೆ ಮಾತ್ರ ಅನುಕೂಲ. ಎಲ್ಲರೂ ಮಾರಲು ಹೊರಟ ದಿನ ಕೊಳ್ಳುವವರಿರುವುದಿಲ್ಲ. ಇನ್ನು ಕರಾರುಪತ್ರ. ಲೆಂಡಿಯ ಹಳೆಯ ಕರಾರಿನಂತೆ ಜನ ಸಾಲ ಕೊಟ್ಟದ್ದು ಕಂಪನಿಗೆ. ಹೊಸ ಕರಾರಿನಂತೆ ನೇರವಾಗಿ ಬಿಲ್ಡರಿಗೆ. ಸಹಿ ಹಾಕುವಾಗ ಸಣ್ಣದೆನಿಸಿದ ಈ ವ್ಯತ್ಯಾಸ, ಕಂಪನಿ ಬಿದ್ದಾಗ ಯಾರ ಹಕ್ಕು ಮುಂದು, ಯಾರದು ಹಿಂದು ಎಂಬ ವ್ಯಾಜ್ಯವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಅಡಮಾನದ ಆಸ್ತಿಗಳನ್ನು ಮಾರಿ ಹಣ ವಸೂಲು ಮಾಡುವ ಕೆಲಸ ವರ್ಷಗಟ್ಟಲೆ ಎಳೆಯಿತು. ಅದರ ಖರ್ಚೂ ವಸೂಲಾದ ಹಣದಲ್ಲೇ ಮುರಿಯಿತು.

<b>ಒಂದು ಮನೆಲೆಕ್ಕ</b>

ಅಡಮಾನವಿದ್ದರೂ ಹಣ ಕರಗುವುದು ಹೇಗೆ? ಕಾಮರ್ಸ್ ಓದುವ ಮಕ್ಕಳು ಈ ಉದಾಹರಣೆಯನ್ನು ಕಾಗದದ ಮೇಲೆ ಬರೆದು ನೋಡಬಹುದು.

ಒಂದು ಆಸ್ತಿಯ ಬೆಲೆ 1 ಕೋಟಿ ರೂಪಾಯಿ ಎಂದು ಮೌಲ್ಯಮಾಪಕರು ಬರೆದುಕೊಟ್ಟಿದ್ದಾರೆ. ವೇದಿಕೆಯ ಮೂಲಕ 70 ಜನ ತಲಾ 1 ಲಕ್ಷದಂತೆ 70 ಲಕ್ಷ ಸಾಲ ಕೊಡುತ್ತಾರೆ. 30 ಲಕ್ಷದಷ್ಟು ಅಂತರವಿದೆಯಲ್ಲ, ಭಯವೇನು ಎನಿಸುತ್ತದೆ. ಆದರೆ ಎಷ್ಟೋ ಸಲ ಹಾಗೆ ಬರೆದ ಬೆಲೆ, ಕಟ್ಟಡ ಪೂರ್ತಿಯಾದಾಗ ಬರಬಹುದಾದ ಬೆಲೆ. ಕೆಲಸ ನಡುವೆಯೇ ನಿಂತರೆ ಅಷ್ಟು ಹಣ ಕೊಡುವವರಿಲ್ಲ. ಅದು 60 ಲಕ್ಷಕ್ಕೆ ಹೋಯಿತೆನ್ನಿ. ವಕೀಲರು, ದಲ್ಲಾಳಿ, ಕಾವಲು, ಹರಾಜು ಎಂದು 8 ಲಕ್ಷ ಕಳೆದರೆ ಉಳಿಯುವುದು 52 ಲಕ್ಷ. 1 ಲಕ್ಷ ಕೊಟ್ಟವರಿಗೆ ಸುಮಾರು 74,000 ರೂಪಾಯಿ ಸಿಗುತ್ತದೆ. ಅದೂ ಎರಡು ಮೂರು ವರ್ಷಗಳ ನಂತರ.

ಮೊದಲ ವರ್ಷ ಶೇ. 12ರಂತೆ 12,000 ರೂಪಾಯಿ ಬಡ್ಡಿ ಬಂದಿತ್ತಲ್ಲ ಎನ್ನಬಹುದು. ಅದನ್ನು ಸೇರಿಸಿದರೂ ಮೊತ್ತ 86,000 ಮಾತ್ರ. ಆ ಬಡ್ಡಿ ಬಂದದ್ದಾದರೂ ಎಲ್ಲಿಂದ? ಇಂಥ ಸಾಲಗಳಲ್ಲಿ ಮೊದಲ ವರ್ಷದ ಬಡ್ಡಿಯನ್ನು ಸಾಲದ ಮೊತ್ತದಿಂದಲೇ ಮುರಿದಿಟ್ಟುಕೊಂಡು ತಿಂಗಳು ತಿಂಗಳು ಹಂಚುವ ಪದ್ಧತಿ ಸಾಮಾನ್ಯ. ಎಂದರೆ 70 ಲಕ್ಷದಲ್ಲಿ 8.4 ಲಕ್ಷ ಬಿಲ್ಡರ ಕೈಸೇರುವುದೇ ಇಲ್ಲ. ಸಾಲ ಕೊಟ್ಟವರಿಗೆ ಅವರ ಹಣವೇ ಬಡ್ಡಿಯ ವೇಷದಲ್ಲಿ ಮರಳುತ್ತಿರುತ್ತದೆ. ಬಡ್ಡಿ ತಪ್ಪದೆ ಬರುತ್ತಿದೆ ಎಂಬುದು ಕಟ್ಟಡ ಏಳುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಆದರೆ ಎಷ್ಟೋ ಜನ ಆ ಮೊದಲ ವರ್ಷದ ಬಡ್ಡಿಯನ್ನು ನಂಬಿಯೇ ಇನ್ನಷ್ಟು ಹಣ ಹಾಕುತ್ತಾರೆ.

<b>ಕಾನೂನು ಬಂದದ್ದು ತಡವಾಗಿ</b>

ಲೆಂಡಿ ಬಿದ್ದ ನಂತರ, 2019ರ ಜೂನ್‌ನಲ್ಲಿ ಎಫ್‌ಸಿಎ ಹೊಸ ನಿಯಮ ಪ್ರಕಟಿಸಿತು. ಡಿಸೆಂಬರ್ 9ರಿಂದ ಅವು ಜಾರಿಗೆ ಬಂದವು. ಹೊಸದಾಗಿ ಬರುವ ಸಾಮಾನ್ಯ ಹೂಡಿಕೆದಾರರು, ತಜ್ಞರ ಸಲಹೆ ಪಡೆದಿರದಿದ್ದರೆ, ತಮ್ಮ ಹೂಡಿಕೆಯ ಹಣದಲ್ಲಿ ಶೇ. 10ಕ್ಕಿಂತ ಹೆಚ್ಚನ್ನು ಇದರಲ್ಲಿ ಹಾಕುವಂತಿಲ್ಲ. ಈ ವ್ಯವಹಾರ ಅವರಿಗೆ ಅರ್ಥವಾಗಿದೆಯೇ ಎಂದು ವೇದಿಕೆಯವರು ಮೊದಲು ಪರೀಕ್ಷಿಸಬೇಕು. ಎಲ್ಲ ಕಂಪನಿಗಳೂ ಕೈಕೊಟ್ಟವು ಎನ್ನುವುದು ಸರಿಯಲ್ಲ. ಈ ವ್ಯವಹಾರ ಹುಟ್ಟುಹಾಕಿದ ಝೋಪಾ 2021ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸುವಾಗ ಜನರ ಪಾಲನ್ನು ಪೂರ್ತಿ ಮೊತ್ತಕ್ಕೆ ತಾನೇ ಕೊಂಡು ಮರ್ಯಾದೆಯಿಂದ ಹೊರಬಂದಿತು. ಅದು ಕೊಡುತ್ತಿದ್ದದ್ದು ವ್ಯಕ್ತಿಗಳಿಗೆ ಸಣ್ಣ ಸಣ್ಣ ಸಾಲ. ಒಂದೇ ಕಟ್ಟಡದ ಮೇಲೆ ದೊಡ್ಡ ಮೊತ್ತವಲ್ಲ.

<b>ಇಲ್ಲಿ ಏನಿದೆ?</b>

ಭಾರತದಲ್ಲಿ ರಿಸರ್ವ್ ಬ್ಯಾಂಕ್ 2017ರ ಅಕ್ಟೋಬರ್‌ನಲ್ಲಿ ಇಂಥ ವೇದಿಕೆಗಳಿಗೆ ನಿಯಮ ರೂಪಿಸಿತು. ಅವು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಳ್ಳಬೇಕು. ಒಬ್ಬರು ಒಬ್ಬ ಸಾಲಗಾರನಿಗೆ 50,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ. ಸಾಲದ ಅವಧಿ 36 ತಿಂಗಳು ಮೀರುವಂತಿಲ್ಲ. ಮುಖ್ಯವಾಗಿ, ಅಡಮಾನ ಇಟ್ಟುಕೊಂಡು ಕೊಡುವ ಸಾಲಕ್ಕೆ ಇಲ್ಲಿ ಅವಕಾಶವೇ ಇಲ್ಲ. 2024ರ ಆಗಸ್ಟ್‌ನಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಇದನ್ನು ಖಚಿತ ಲಾಭದ, ಬೇಕೆಂದಾಗ ಹಣ ಮರಳುವ ಹೂಡಿಕೆ ಎಂದು ಪ್ರಚಾರ ಮಾಡುವಂತಿಲ್ಲ. ನಷ್ಟವಾದರೆ ಅದು ಸಾಲ ಕೊಟ್ಟವರದೇ.

ಆದ್ದರಿಂದ ಬಡಾವಣೆಯ ನಕ್ಷೆ ತೋರಿಸಿ, ಪೀರ್-ಟು-ಪೀರ್ ವೇದಿಕೆಯಲ್ಲಿ ಸೈಟಿನ ಭದ್ರತೆಯ ಮೇಲೆ ಸಾಲ ಕೊಡಿ, ಇಂತಿಷ್ಟು ಲಾಭ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅದು ಈ ನಿಯಮದ ಚೌಕಟ್ಟಿನೊಳಗಿನ ಮಾತಲ್ಲ ಎಂದು ಕೂಡಲೇ ತಿಳಿಯಬೇಕು. ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ ‘ಸಚೇತ್’ ವ್ಯವಸ್ಥೆಯಲ್ಲಿ ವಿಚಾರಿಸಬಹುದು, ದೂರನ್ನೂ ಕೊಡಬಹುದು.

ಎರಡು ವರ್ಷದಲ್ಲಿ ಮಗಳ ಇಂಜಿನಿಯರಿಂಗ್ ಶುಲ್ಕ ಕಟ್ಟಬೇಕಾದ ಮನೆಗೆ ಬೇಕಾದದ್ದು ಶೇ. 12ರ ಬಡ್ಡಿಗಿಂತ ಮೊದಲು, ಕೌನ್ಸೆಲಿಂಗ್ ದಿನ ಕೈಗೆ ಸಿಗುವ ಹಣ. ಬ್ಯಾಂಕಿನ ಠೇವಣಿಗೆ ಬಡ್ಡಿ ಕಡಿಮೆಯಿದ್ದರೂ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಅದಕ್ಕಿಂತ ಹೆಚ್ಚು ಕೊಡುತ್ತೇವೆ ಎನ್ನುವವರ ಮುಂದೆ ನಾಲ್ಕು ಪ್ರಶ್ನೆ ಇಡಬೇಕು: ಸಾಲ ಪಡೆಯುವವರು ಯಾರು? ಆಸ್ತಿಗೆ ಹೇಳಿದ ಬೆಲೆ ಇಂದಿನದೇ, ಮುಂದಿನದೇ? ಈಗ ಬರುವ ಬಡ್ಡಿ ಯಾರ ಹಣ? ಕಂಪನಿಯೇ ಮುಚ್ಚಿದರೆ ಕಾಗದದಲ್ಲಿ ಹಕ್ಕು ಯಾರದು? ಹಣ ಕೊಡುವ ಮುಂಚೆ ಮಕ್ಕಳನ್ನೂ ಕೂರಿಸಿಕೊಂಡು ಈ ಉತ್ತರಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು ಲೇಸು. ನಾಲ್ಕರಲ್ಲಿ ಒಂದು ಜಾಗ ಖಾಲಿ ಉಳಿದರೂ ಹಣ ಬ್ಯಾಂಕಿನಲ್ಲೇ ಇರಲಿ.