ನೈತಿಕತೆಗೆ ಔಷಧಿ ಉಂಟೇ?

ಹೆರಿಗೆ, ಎದೆಹಾಲೂಡಿಕೆಗಳಲ್ಲಿ ಮುಖ್ಯ ಪಾತ್ರ ವಹಿಸುವ ಹಾರ್ಮೋನು ಆಕ್ಸಿಟೋಸಿನ್. 2005ರಲ್ಲಿ ಜ್ಯೂರಿಕ್‌ನ ಸಂಶೋಧಕರು ಇದನ್ನು ಸ್ವಯಂಸೇವಕರ ಮೂಗಿಗೆ ಸಿಂಪಡಿಸಿ, ಅಪರಿಚಿತರಿಗೆ ಹಣ ಒಪ್ಪಿಸುವ ಆಟವೊಂದನ್ನು ಆಡಿಸಿದರು. ಹಣ ಪಡೆದವರು ಅದರಲ್ಲಿ ಪಾಲು ಹಿಂತಿರುಗಿಸಬಹುದು, ಪೂರ್ತಿ ಇಟ್ಟುಕೊಳ್ಳಲೂಬಹುದು. ಹುಸಿಮದ್ದು ಪಡೆದವರಿಗಿಂತ ಹಾರ್ಮೋನು ಪಡೆದವರು ಅಪರಿಚಿತರನ್ನು ಹೆಚ್ಚು ನಂಬಿದರು. ಹಾಗಾದರೆ ಔಷಧಿಯಿಂದ ಮನುಷ್ಯರನ್ನು ಒಳ್ಳೆಯವರನ್ನಾಗಿಸಬಹುದೇ?

2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಇದೇ ಹಾರ್ಮೋನು ತಮ್ಮ ಗುಂಪಿನವರ ಮೇಲಿನ ಪಕ್ಷಪಾತವನ್ನು ಹೆಚ್ಚಿಸಿದಂತೆ ಕಂಡಿತು. 2020ರಲ್ಲಿ ಪ್ರಕಟವಾದ ದೊಡ್ಡ ಮರುಪರೀಕ್ಷೆಯಲ್ಲಿ ನಂಬಿಕೆ ಹೆಚ್ಚುವ ಪರಿಣಾಮವೇ ದೃಢಪಡಲಿಲ್ಲ.

ಪರಿಣಾಮ ನಿಜವೆಂದೇ ಇಟ್ಟುಕೊಳ್ಳೋಣ. ನಂಬಿಕೆಯೊಂದೇ ನೀತಿಯಲ್ಲ, ಮೋಸಗಾರನನ್ನು ನಂಬಿದವನಿಗೆ ಹಾನಿಯೇ. ಯಾರನ್ನು, ಏಕೆ ನಂಬಬೇಕೆಂಬ ವಿವೇಚನೆ ಬೇಕು. ನಾಳೆ ಪರಿಣಾಮಕಾರಿ ಔಷಧಿ ಬಂದರೂ, ಸ್ವತಃ ಒಪ್ಪಿಗೆ ನೀಡಲಾಗದ ಮಕ್ಕಳಿಗೆ ಅದನ್ನು ಕೊಡಬಹುದೇ ಎಂಬುದನ್ನು ಪ್ರಯೋಗಾಲಯವೊಂದೇ ನಿರ್ಧರಿಸಲಾಗದು. ತರಗತಿಯಲ್ಲಿ ಚರ್ಚಿಸಬೇಕಾದ ಪ್ರಶ್ನೆಯಿದು.