ಔಷಧ ಕೊಡುವ ಕೈಗಳು

ಊರು ಬಿಟ್ಟು ಬಂದು ಹೊಸ ನಗರದಲ್ಲಿ ಮನೆ ಹೂಡಿದ ಮೇಲೆ ಹಿಟ್ಟಿನ ಗಿರಣಿ ಎಲ್ಲಿದೆ, ಹಾಲಿನವನು ಎಷ್ಟು ಹೊತ್ತಿಗೆ ಬರುತ್ತಾನೆ, ಮಕ್ಕಳಿಗೆ ಶಾಲೆ ಯಾವುದು ಎಂದೆಲ್ಲ ನಾವು ವಿಚಾರಿಸುತ್ತೇವೆ. ಔಷಧದ ಅಂಗಡಿ ಮಾತ್ರ ಮಗುವಿನ ಮೈ ಕೆಂಡದಂತೆ ಸುಡುವ ರಾತ್ರಿಯೇ ನೆನಪಾಗುವುದು. ಆಗ ಬೀದಿಯಲ್ಲಿ ತೆರೆದಿರುವ ಮೊದಲ ಬಾಗಿಲೇ ನಮ್ಮ ಪಾಲಿಗೆ ಧನ್ವಂತರಿಯ ಬಾಗಿಲು. ಅದರೊಳಗೆ ನಿಂತವರು ಯಾರು, ಅವರು ಏನನ್ನು ಕೊಡಬಲ್ಲರು, ಏನನ್ನು ಕೊಡಕೂಡದು ಎಂದು ತಿಳಿಯುವ ಗೋಜಿಗೆ ನಾವು ಬಹುಕಾಲ ಹೋಗಿರಲಿಲ್ಲ. ಆ ಬುದ್ಧಿ ಬಂದದ್ದು ನಮ್ಮ ತಾಯಿಯವರಿಂದ.

ಧಾರವಾಡದಿಂದ ಮುಂಬಯಿಗೆ ನಮ್ಮಲ್ಲಿಗೆ ಬಂದಿದ್ದಾಗ ಅವರ ಸಕ್ಕರೆ ಕಾಯಿಲೆಯ ಗುಳಿಗೆಗಳು ಮುಗಿದುವು. ಊರಿನ ಡಾಕ್ಟರರ ಚೀಟಿ ಮಳೆಯಲ್ಲಿ ತೊಯ್ದು, ಹೆಸರಿನಲ್ಲಿ ‘ಮೆಟ್’ ಎಂಬಷ್ಟೇ ಉಳಿದಿತ್ತು. ಅಂಗಡಿಯಲ್ಲಿ ಜನವೋ ಜನ. ಅಲ್ಲಿನ ಹುಡುಗ ಚೀಟಿಯನ್ನು ಒಮ್ಮೆ ನೋಡಿ ಒಂದು ಪಟ್ಟಿಯನ್ನು ಕತ್ತರಿಸಿ ಕೊಟ್ಟ. ನಾವೂ ಓದದೆ ತಂದೆವು. ಮೂರನೆಯ ದಿನ ತಾಯಿಯವರು, “ಏನಪಾ, ಈ ಗುಳಿಗಿ ನುಂಗಿದಾಗಿಂದ ಬಾಯಾಗ ತಾಮ್ರದ ದುಡ್ಡು ಇಟಗೊಂಡ್ಹಂಗ ಆಗೇದ. ನನ್ನ ಹಳೀ ಗುಳಿಗಿ ಹಿಂಗಿರಲಿಲ್ಲ” ಎಂದರು. ಕೆಳಗಿನ ಮಹಡಿಯ ಡಾಕ್ಟರರಿಗೆ ಪಟ್ಟಿ ತೋರಿಸಿದೆವು. ಬೇಕಾಗಿದ್ದುದು ಮೆಟ್‌ಫಾರ್ಮಿನ್, ನಾವು ತಂದದ್ದು ಮೆಟ್ರೊನಿಡಜೋಲ್, ಆಮಶಂಕೆ ಮೊದಲಾದ ಸೋಂಕುಗಳಿಗೆ ಕೊಡುವ ಮದ್ದು! ಬಾಯಿಗೆ ಲೋಹದ ರುಚಿ ಬರುವುದು ಅದರಲ್ಲಿ ಸಾಮಾನ್ಯವಂತೆ. ಅಷ್ಟರಲ್ಲಿ ಸಕ್ಕರೆ ಸಾಕಷ್ಟು ಏರಿತ್ತು. ಈ ಎರಡು ಹೆಸರುಗಳ ಗೊಂದಲ ಅಮೆರಿಕೆಯಲ್ಲಿಯೂ ಆಗಿ ದಾಖಲಾಗಿದೆಯೆಂದು ಆಮೇಲೆ ಓದಿದೆವು. ಹುಡುಗನನ್ನು ಬೈಯುವುದು ಸುಲಭ; ಚೀಟಿ ಸರಿಯಿಲ್ಲವೆಂದು ಗೊತ್ತಿದ್ದೂ ಮುಂದೆ ಚಾಚಿದವರು ನಾವೇ ಅಲ್ಲವೆ?

ಆ ಡಾಕ್ಟರರದು ಹಳೆಯ ಪದ್ಧತಿ. ಮುಂಬಯಿಯ ಚಾಳುಗಳಲ್ಲಿ ಬೆಳೆದವರಿಗೆ ಅದನ್ನು ಹೇಳಬೇಕಾಗಿಲ್ಲ: ಮರದ ತಡಿಕೆ, ಅದರಲ್ಲೊಂದು ಕಿಂಡಿ, ಕಿಂಡಿಯ ಹಿಂದೆ ಕಂಪೌಂಡರ್. ಮನೆಯಿಂದ ಶೀಸೆ ಒಯ್ದರೆ ಕೆಂಪು ಮಿಕ್ಸ್ಚರ್ ತುಂಬಿ, ಹೊತ್ತಿಗೆಷ್ಟು ಎಂಬುದಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದವನ್ನು ಅಂಟಿಸಿ ಕೊಡುತ್ತಿದ್ದರು. ಶೀಸೆ ಹೋದರೂ ಪೊಟ್ಟಣ ಉಳಿದಿದೆ. ವೈದ್ಯರು ತಮ್ಮ ರೋಗಿಗಳಿಗೆ ತಾವೇ ಔಷಧ ಕೊಡುವುದಕ್ಕೆ ಕಾನೂನಿನ ಒಪ್ಪಿಗೆಯುಂಟು. ಅಂಗಡಿ ತೆರೆದು ಕಂಡವರಿಗೆಲ್ಲ ಮಾರುವಂತಿಲ್ಲ. ನೋಡಿದವರೇ ಕೊಡುವುದರಿಂದ ಹೆಸರು ತಪ್ಪುವ ಭಯ ಕಡಿಮೆ. ಆದರೆ ಪೊಟ್ಟಣದ ಗುಳಿಗೆಗೆ ಹೆಸರೇ ಇರುವುದಿಲ್ಲ. ನಾಳೆ ಊರಿಗೆ ಹೋಗಿ ಇನ್ನೊಬ್ಬ ವೈದ್ಯರ ಮುಂದೆ ಕುಳಿತರೆ “ಬಿಳಿಯದೊಂದು, ಹಳದಿಯದೊಂದು” ಎಂದು ತಡವರಿಸಬೇಕು. ಹೆಸರು ಬರೆದುಕೊಡಿರೆಂದು ಕೇಳುವುದಕ್ಕೆ ಸಂಕೋಚ ಬೇಡ.

ಬೀದಿಯ ಔಷಧದ ಅಂಗಡಿ 1940ರ ಔಷಧ ಕಾಯಿದೆಗೂ 1948ರ ಫಾರ್ಮಸಿ ಕಾಯಿದೆಗೂ ಒಳಪಟ್ಟದ್ದು. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೆ ಅವರ ಕಣ್ಣೆದುರಿಗೆ ಕೊಡಬೇಕು. ಲೈಸೆನ್ಸನ್ನು ಕಾಣುವಂತೆ ತೂಗುಹಾಕಿರಬೇಕು. ಬರೆದ ಔಷಧಕ್ಕೆ ಬದಲಾಗಿ ಬೇರೊಂದನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ. 2014ರ ಮಾರ್ಚಿನಿಂದ ಕೆಲವು ಆಂಟಿಬಯೋಟಿಕ್‌ಗಳಿಗೂ ಚಟ ಹಿಡಿಸಬಲ್ಲ ಮದ್ದುಗಳಿಗೂ ಬೇರೆ ವಹಿ ಇದೆ. ರೋಗಿಯ ಮತ್ತು ವೈದ್ಯರ ಹೆಸರನ್ನು ಅದರಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಹೆಸರು ಕೇಳಿದರೆಂದು ಸಿಡುಕುವವರನ್ನು ನಾವು ಕಂಡಿದ್ದೇವೆ. ಕೇಳುವ ಅಂಗಡಿಗೇ ನಾವು ಈಗ ಹೋಗುತ್ತೇವೆ. ಇನ್ನೊಂದು ಮಾತು: ಪಟ್ಟಿಯನ್ನು ಕತ್ತರಿಸಿ ಕೊಟ್ಟಾಗ ಅವಧಿ ಮುಗಿಯುವ ತಿಂಗಳು ಹಲವು ವೇಳೆ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಆ ತುಂಡನ್ನು ಕೇಳಿ ನೋಡಬೇಕು.

ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟ್, ದಿಲ್ಲಿಯ ಭಗೀರಥ ಪ್ಯಾಲೆಸ್ ಸಗಟು ಪೇಟೆಗಳು. ಸಂಸಾರದ ಕೆಲಸಕ್ಕೆ ಅಷ್ಟು ದೂರ ಅಲೆಯಬೇಕಾಗಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ನಿಜವಾಗಿ ತೊಡಕಾಗುವುದು ಗ್ರಂಥಿಗೆ ಅಂಗಡಿ. ಬಾಣಂತಿಯ ಮದ್ದಿಗೆಂದು ಅಜ್ಜಿ ಬರೆಯಿಸಿದ ಪಟ್ಟಿ ಕೈಯಲ್ಲಿರುತ್ತದೆ, ಅಂಗಡಿಯವನಿಗೆ ಕನ್ನಡ ಬಾರದು. ನಮ್ಮ ಹಿಪ್ಪಲಿ ಮುಂಬಯಿ-ಪುಣೆಗಳಲ್ಲಿ ಪಿಂಪಳಿ, ಚೆನ್ನೈಯಲ್ಲಿ ತಿಪ್ಪಿಲಿ. ಅಳಲೆಕಾಯಿ ಮರಾಠಿಯಲ್ಲಿ ಹಿರಡಾ, ತಮಿಳಿನಲ್ಲಿ ಕಡುಕ್ಕಾಯ್, ಹೈದರಾಬಾದಿನ ತೆಲುಗಿನಲ್ಲಿ ಕರಕ್ಕಾಯ. ಬಜೆ ಮರಾಠಿಗರ ವೇಖಂಡ, ತಮಿಳರ ವಸಂಬು, ತೆಲುಗರ ವಸ. ಚೆನ್ನೈಯಲ್ಲಿ ‘ನಾಟ್ಟು ಮರುಂದು ಕಡೈ’ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಇಲ್ಲಿ ಬಿಡಿಯಾಗಿ ಕೊಂಡದ್ದಕ್ಕೆ ಚೀಟಿಯೂ ಇಲ್ಲ, ಅವಧಿಯೂ ಇಲ್ಲ. ಮೂಸಿ, ಮುರಿದು, ಹುಳ ಬಿದ್ದಿಲ್ಲವೆಂದು ನೋಡಿ ತರಬೇಕು. ಬೇರು, ಕಾಯಿ ಎಂದಮಾತ್ರಕ್ಕೆ ನಿರಪಾಯವೆಂದೂ ತಿಳಿಯಬಾರದು. ಕೂಸಿಗೆ ಏನನ್ನೇ ತೇಯುವ ಮೊದಲು ಡಾಕ್ಟರರನ್ನು ಒಂದು ಮಾತು ಕೇಳುವುದು ಲೇಸು.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಕಾರ್ಮಿಕರ ವಿಮೆಯ ದವಾಖಾನೆಗಳಿವೆ. 1952ರ ಫೆಬ್ರವರಿಯಲ್ಲಿ ಕಾನಪುರ, ದಿಲ್ಲಿಗಳಲ್ಲಿ ಆ ಯೋಜನೆ ಮೊದಲಾಯಿತು. ಕೇಂದ್ರ ಸರಕಾರದ ನೌಕರರಿಗೆ 1954ರಲ್ಲಿ ದಿಲ್ಲಿಯಲ್ಲಿ ತೊಡಗಿದ ಆರೋಗ್ಯ ಯೋಜನೆಯುಂಟು. ಸಾಲಿನಲ್ಲಿ ನಿಲ್ಲುವ ತಾಳ್ಮೆ ಬೇಕು, ಅಷ್ಟೆ.

2008ರಲ್ಲಿ ಪ್ರಾರಂಭವಾದ ಜನೌಷಧಿ ಕೇಂದ್ರಗಳಲ್ಲಿ ಕಂಪನಿಯ ಹೆಸರಿನ ಬದಲು ಮೂಲ ಔಷಧದ ಹೆಸರಿನಿಂದಲೇ ಮಾರಾಟ. ಬೆಲೆಯೂ ಬಹಳ ಇಳಿದದ್ದು. ತಿಂಗಳು ತಿಂಗಳೂ ರಕ್ತದೊತ್ತಡದ, ಸಕ್ಕರೆಯ ಗುಳಿಗೆ ಕೊಳ್ಳುವ ಮನೆಗೆ ಇದು ದೊಡ್ಡ ಉಪಕಾರ. ಆದರೆ ಮೂಲ ಹೆಸರು ನಮಗೆ ತಿಳಿದಿರಬೇಕು. 2016ರಲ್ಲಿ ವೈದ್ಯಕೀಯ ಮಂಡಳಿ ತಿದ್ದಿದ ನಿಯಮವೂ ವೈದ್ಯರು ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದೇ ಹೇಳಿತು. ಈಗ ಫೋನಿನಲ್ಲಿ ಚೀಟಿಯ ಚಿತ್ರ ಕಳಿಸಿದರೆ ಔಷಧ ಬಾಗಿಲಿಗೇ ಬರುತ್ತದೆ. ಡಬ್ಬಿ ತಂದ ಹುಡುಗನನ್ನು “ಇದನ್ನು ಊಟಕ್ಕೆ ಮೊದಲೋ, ಆಮೇಲೋ?” ಎಂದು ಕೇಳಿ ನಗೆಗೀಡಾದವರು ನಮ್ಮ ಮನೆಯಲ್ಲೇ ಇದ್ದಾರೆ.

ಮರುವರ್ಷ ತಾಯಿಯವರು ಮತ್ತೆ ಬಂದರು. ಗುಳಿಗೆ ಮುಗಿಯುವುದಕ್ಕೆ ಇನ್ನೂ ಒಂದು ವಾರವಿತ್ತು. ಸಂಚಿಯಿಂದ ಖಾಲಿ ಪಟ್ಟಿಯೊಂದನ್ನು ತೆಗೆದು ನಮ್ಮ ಕೈಗಿಟ್ಟು, “ಇದನ್ನ ತೋರಿಸಿ ತಗೊಂಡು ಬಾ. ಚೀಟಿ ಓದೋ ನಿನ್ನ ಶಾಣ್ಯಾತನ ನಾ ನೋಡೇನಿ” ಎಂದರು.